ಡಿಜಿಟಲ್ ನಕ್ಷೆಯಿಂದ ನೆಲಕ್ಕೆ: ಕಟ್ಟಡದ ಮಾರ್ಕಿಂಗ್ ಕರಾರುವಾಕ್ಕಾಗಿ ಮಾಡುವ ಕ್ರಮ

ಆಟೋಕ್ಯಾಡ್‌ನಲ್ಲಿ ಬರೆದ ಕಾಲಂ ನಕ್ಷೆಯಲ್ಲಿ ಪ್ರತಿ ಕಾಲಂನ ಕೇಂದ್ರವೂ ದಶಾಂಶದ ಹಲವು ಸ್ಥಾನಗಳವರೆಗೆ ಖಚಿತವಾಗಿರುತ್ತದೆ. ಕೋನ ಮತ್ತು ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಕೂಡ 100 ಮೀಟರ್ ದೂರದ ಬಿಂದುವನ್ನು ಎರಡು ಮೂರು ಮಿಲಿಮೀಟರಿನೊಳಗೆ ತೋರಿಸಬಲ್ಲದು. ಹೀಗಿದ್ದರೂ ಪಾಯ ತೋಡಿದ ಮೇಲೆ ಕಾಲಂ 30 ಮಿ.ಮೀ. ಆಚೆ ನಿಂತಿದೆ, ಒಂದು ಬದಿಯ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) ಕಡಿಮೆ ಬಿದ್ದಿದೆ, ಇಡೀ ಕಟ್ಟಡ ರಸ್ತೆಗೆ ಓರೆಯಾಗಿ ಕುಳಿತಿದೆ ಎಂದು ತಡವಾಗಿ ಗೊತ್ತಾಗುವ ಸೈಟುಗಳು ಕಡಿಮೆಯಿಲ್ಲ. ಇಂತಹ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರದ ಅಳತೆಯಲ್ಲಿ ಹುಟ್ಟುವುದಿಲ್ಲ. ನಕ್ಷೆಯ ಏಕಮಾನ, ಮೂಲಬಿಂದು, ದಿಕ್ಕು ಮತ್ತು ಪರಿಷ್ಕರಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಹುಟ್ಟುತ್ತವೆ. ಆದ್ದರಿಂದ ಈ ಬರಹದಲ್ಲಿ ಯಂತ್ರದ ಗುಂಡಿಗಳಿಗಿಂತ ಆ ದಾಟುವಿಕೆಗೇ ಹೆಚ್ಚು ಜಾಗ ಕೊಡಲಾಗಿದೆ, ಮತ್ತು ಪ್ರತಿ ಹಂತದಲ್ಲೂ ಅದೇ ಬಿಂದುವನ್ನು ಮೊದಲಿನದಕ್ಕೆ ಸಂಬಂಧವಿಲ್ಲದ ಎರಡನೆಯ ದಾರಿಯಿಂದ ತಾಳೆ ನೋಡುವ ಬಗೆಯನ್ನು ಹೇಳಲಾಗಿದೆ.

ವಿವರಣೆಗೆ ಅನುಕೂಲವಾಗಲೆಂದು ಬೆಂಗಳೂರಿನ ಹೊರವಲಯದಲ್ಲಿ ಕಟ್ಟಬೇಕಾದ, ಸ್ಟಿಲ್ಟ್ ಮತ್ತು ಮೂರು ಮಹಡಿಗಳ, 24 ಮೀಟರ್ ಉದ್ದ 18 ಮೀಟರ್ ಅಗಲದ ಅಪಾರ್ಟ್‌ಮೆಂಟ್ ಒಂದನ್ನು ಕಲ್ಪಿಸಿಕೊಳ್ಳೋಣ. ಪೂರ್ವದಿಕ್ಕಿಗೆ 1ರಿಂದ 5ರವರೆಗೆ, ಉತ್ತರದಿಕ್ಕಿಗೆ ಎ, ಬಿ, ಸಿ, ಡಿ ಎಂದು ಗ್ರಿಡ್ ರೇಖೆಗಳಿವೆ. ಪ್ರತಿ ಎರಡು ರೇಖೆಗಳ ನಡುವೆ 6 ಮೀಟರ್ ಅಂತರವಿದೆ.

ಮೊದಲು ಕಡತದ ಪರೀಕ್ಷೆ

ಸೈಟಿಗೆ ಹೋಗುವ ಮುನ್ನ ಕಚೇರಿಯಲ್ಲಿಯೇ ಮುಗಿಸಬೇಕಾದ ಕೆಲಸ ಇದು. ಕೈಯಲ್ಲಿರುವ ನಕ್ಷೆ ಜಿ.ಎಫ್.ಸಿ. ಎಂದು, ಅಂದರೆ ನಿರ್ಮಾಣಕ್ಕೆ ಅನುಮೋದಿತವೆಂದು, ಮುದ್ರೆ ಪಡೆದದ್ದೇ ಹಾಗೂ ಅದರ ಪರಿಷ್ಕರಣೆ ಸಂಖ್ಯೆ ಇತ್ತೀಚಿನದೇ ಎಂಬುದನ್ನು ವಿನ್ಯಾಸಕರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ವಾಟ್ಸಾಪ್‌ನಲ್ಲಿ ಬಂದ ಪಿ.ಡಿ.ಎಫ್. ಮೇಲೆ ಅಳತೆಪಟ್ಟಿ ಇಟ್ಟು ದೂರ ತೆಗೆಯುವ ಅಭ್ಯಾಸವನ್ನು ಸಂಪೂರ್ಣವಾಗಿ ಬಿಡಬೇಕು. ಮುದ್ರಿಸುವಾಗ ಪುಟಕ್ಕೆ ಹೊಂದಿಸಲೆಂದು ನಕ್ಷೆ ಎಷ್ಟು ಕುಗ್ಗಿದೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ.

ಏಕಮಾನದ ವಿಷಯದಲ್ಲಿ ನಮ್ಮ ಊರಿನದೇ ಆದ ತೊಡಕೊಂದಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಮಿಲಿಮೀಟರಿನಲ್ಲಿ ಬರೆಯುತ್ತಾರೆ, ಸರ್ವೇಯರ್ ಮೀಟರಿನಲ್ಲಿ ಕೆಲಸ ಮಾಡುತ್ತಾರೆ, ನಿವೇಶನವನ್ನು ಮಾತ್ರ ಎಲ್ಲರೂ ಅಡಿಯಲ್ಲಿ ಹೇಳುತ್ತಾರೆ. ಮೂವತ್ತು ನಲವತ್ತರ ಸೈಟು ಎಂದರೆ 9.144 ಮೀಟರ್ ಮತ್ತು 12.192 ಮೀಟರ್, ಅದನ್ನು 12.2 ಎಂದು ಸುಲಭ ಮಾಡಿಕೊಂಡವರು ಆರಂಭದಲ್ಲಿಯೇ 8 ಮಿ.ಮೀ. ಕಳೆದುಕೊಂಡಿರುತ್ತಾರೆ. ಕಡತವನ್ನು ತೆರೆದ ಕೂಡಲೇ ಯೂನಿಟ್ಸ್ ಎಂಬಲ್ಲಿ ಏನು ಬರೆದಿದೆ ಎಂದು ನೋಡಿದರೆ ಸಾಲದು, ಏಕೆಂದರೆ ಆ ನಮೂದು ಎಷ್ಟೋ ಬಾರಿ ಹಳೆಯ ಟೆಂಪ್ಲೇಟಿನಿಂದ ಹಾಗೆಯೇ ಉಳಿದುಬಂದಿರುತ್ತದೆ. ಗ್ರಿಡ್ 1ರಿಂದ ಗ್ರಿಡ್ 5ರವರೆಗೆ ನೇರವಾಗಿ ಅಳೆದು 24000 ಬರುತ್ತದೆಯೇ, 24 ಬರುತ್ತದೆಯೇ ಎಂದು ನೋಡುವುದೇ ನಂಬಬಹುದಾದ ಪರೀಕ್ಷೆ.

ಅಳೆಯುವಾಗ ಯು.ಸಿ.ಎಸ್. ಅನ್ನು, ಅಂದರೆ ಬಳಸುವವರು ತಿರುಗಿಸಿಕೊಳ್ಳಬಹುದಾದ ಅಕ್ಷಗಳನ್ನು, ಕಡತದ ಮೂಲ ಅಕ್ಷಗಳಾದ ವರ್ಲ್ಡ್‌ಗೆ ಮರಳಿಸಿರಬೇಕು. ವಾಸ್ತುಶಿಲ್ಪಿಗಳು ಬರೆಯುವ ಅನುಕೂಲಕ್ಕಾಗಿ ಅಕ್ಷಗಳನ್ನು ತಿರುಗಿಸಿಟ್ಟುಕೊಂಡಿದ್ದರೆ ಪರದೆಯ ಮೇಲೆ ಕಾಣುವ ನಿರ್ದೇಶಾಂಕ ಒಂದು, ಕಡತದಿಂದ ಹೊರಬೀಳುವ ನಿರ್ದೇಶಾಂಕ ಇನ್ನೊಂದು ಆಗುತ್ತದೆ. ಕೆಲವು ರೇಖೆಗಳ ಒಂದು ತುದಿ ಮಾತ್ರ ಬೇರೆ ಎತ್ತರದಲ್ಲಿರುವುದೂ ಉಂಟು. ಮೇಲಿನಿಂದ ನೋಡಿದಾಗ ಇದು ಕಾಣುವುದಿಲ್ಲವಾದರೂ ಅಳತೆ ಉದ್ದವಾಗಿ ಬರುತ್ತದೆ. ಬಿಂದುಗಳನ್ನು ತೆಗೆಯುವ ಮುನ್ನ ನಕಲು ಪ್ರತಿಯೊಂದರಲ್ಲಿ ಎಲ್ಲವನ್ನೂ ಸೊನ್ನೆ ಎತ್ತರಕ್ಕೆ ತರಬೇಕು. ಅಳತೆಯ ಪಠ್ಯವನ್ನು ಕೈಯಿಂದ ತಿದ್ದಿರುವ ಜಾಗಗಳನ್ನೂ ಹುಡುಕಬೇಕು. ಗೋಡೆಯನ್ನು ಸರಿಸದೆ ಕೇವಲ ಅಂಕಿಯನ್ನು 3000ದಿಂದ 3150 ಮಾಡಿದ ನಕ್ಷೆಯಲ್ಲಿ ರೇಖೆ ಒಂದು ಹೇಳಿದರೆ ಅಂಕಿ ಇನ್ನೊಂದು ಹೇಳುತ್ತದೆ. ಇವೆರಡರಲ್ಲಿ ಯಾವುದು ಸರಿ ಎಂದು ಸೈಟಿನಲ್ಲಿ ನಿಂತು ತೀರ್ಮಾನಿಸುವ ಅಧಿಕಾರ ಮಾರ್ಕಿಂಗ್ ಮಾಡುವವರಿಗೆ ಇಲ್ಲ. ಸ್ಪಷ್ಟೀಕರಣ ಕೇಳಿ ಬರೆದು, ಉತ್ತರ ಬರುವವರೆಗೆ ಆ ಭಾಗವನ್ನು ಬಿಡಬೇಕು.

ಇನ್ನು ವಾಸ್ತುಶಿಲ್ಪಿಯ ನಕ್ಷೆಯನ್ನೂ ಸ್ಟ್ರಕ್ಚರಲ್ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ಗ್ರಿಡ್ ರೇಖೆಗಳು ಕೂಡುವ ಬಿಂದುವೇ ಕಾಲಂನ ಕೇಂದ್ರ ಎಂದು ಭಾವಿಸಿ ಮಾರ್ಕಿಂಗ್ ಆರಂಭಿಸುವುದು ಅತ್ಯಂತ ಸಾಮಾನ್ಯವಾದ ತಪ್ಪು. 230 ಮಿ.ಮೀ. ಅಗಲ, 600 ಮಿ.ಮೀ. ಉದ್ದದ ಕಾಲಂ ಅನ್ನು ಹೊರಗೋಡೆಯ ಮುಖಕ್ಕೆ ಸಮನಾಗಿ ಕೂರಿಸಲೆಂದು ಗ್ರಿಡ್ಡಿನಿಂದ ಒಳಕ್ಕೆ ಸರಿಸಿರುತ್ತಾರೆ. ಒಳಗಿನ ಕಾಲಂಗಳಲ್ಲಿ ಅದೇ ಗ್ರಿಡ್ ನಡುವೆ ಹಾದುಹೋಗುತ್ತದೆ. ನೆರೆಯವರ ಗಡಿಗೆ ಹತ್ತಿರವಿರುವ ಕಡೆ ಫುಟಿಂಗ್‌ನ (ಕಾಲಂನ ಅಡಿಪಾಯದ) ಕೇಂದ್ರ ಕಾಲಂನ ಕೇಂದ್ರಕ್ಕಿಂತ ಬೇರೆಯಾಗಿರುತ್ತದೆ. ಹೀಗಾಗಿ ಒಂದೇ ಕಾಲಂಗೆ ಗ್ರಿಡ್ ಛೇದನ, ಕಾಲಂ ಕೇಂದ್ರ, ಫುಟಿಂಗ್ ಕೇಂದ್ರ ಎಂಬ ಮೂರು ಬಿಂದುಗಳು ಇರಬಹುದು, ಮತ್ತು ಈ ಮೂರಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಪಟ್ಟಿ ಮಾಡಿಕೊಳ್ಳಬೇಕು.

ಯಾವ ನಿರ್ದೇಶಾಂಕ ಪದ್ಧತಿ?

ಇಲ್ಲಿ ತುಸು ನಿಧಾನಿಸುವುದು ಒಳ್ಳೆಯದು, ಏಕೆಂದರೆ ಜಿ.ಪಿ.ಎಸ್. ಉಪಕರಣಗಳು ಅಗ್ಗವಾದ ಮೇಲೆ ಈ ಗೊಂದಲ ಹೆಚ್ಚಾಗಿದೆ.

ಕರ್ನಾಟಕದ ಬಹುಭಾಗ, ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ನಿರ್ದೇಶಾಂಕ ಕೊಡುವ ಯು.ಟಿ.ಎಂ. ಪದ್ಧತಿಯ 43ನೇ ಉತ್ತರ ವಲಯಕ್ಕೆ ಸೇರುತ್ತದೆ. ಅದರ ವ್ಯಾಪ್ತಿ 72ರಿಂದ 78 ಡಿಗ್ರಿ ಪೂರ್ವ ರೇಖಾಂಶ, ನಡುವಿನ ರೇಖೆ 75 ಡಿಗ್ರಿ. ಕೋಲಾರ, ಮುಳಬಾಗಿಲುಗಳು 78 ಡಿಗ್ರಿಯ ಆಚೆ ಇರುವುದರಿಂದ ಅವು 44ನೇ ವಲಯಕ್ಕೆ ಹೋಗುತ್ತವೆ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ದೂರಗಳು ಎಲ್ಲ ಕಡೆಯೂ ಒಂದೇ ಆಗಿ ಉಳಿಯುವುದಿಲ್ಲ. ನಡುರೇಖೆಯ ಮೇಲೆ ಸ್ಕೇಲ್ ಫ್ಯಾಕ್ಟರ್ (ಹಾಳೆಯ ದೂರಕ್ಕೂ ನೆಲದ ದೂರಕ್ಕೂ ಇರುವ ಅನುಪಾತ) 0.9996 ಎಂದು ನಿಗದಿಯಾಗಿದೆ; ಮಂಗಳೂರು ಈ ರೇಖೆಗೆ ಬಹಳ ಹತ್ತಿರವಿರುವುದರಿಂದ ಅಲ್ಲಿ ನೆಲದ 100 ಮೀಟರ್ ಯು.ಟಿ.ಎಂ. ಲೆಕ್ಕದಲ್ಲಿ ಸುಮಾರು 40 ಮಿ.ಮೀ. ಕಡಿಮೆಯಾಗಿ ಕಾಣುತ್ತದೆ. ಬೆಂಗಳೂರು ನಡುರೇಖೆಯಿಂದ ಸುಮಾರು 280 ಕಿ.ಮೀ. ಪೂರ್ವಕ್ಕಿದೆ. ಅಲ್ಲಿ ಪರಿಣಾಮ ತಿರುಗುಮುರುಗಾಗುತ್ತದೆ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಭಾವವನ್ನೂ ಸೇರಿಸಿದರೆ ನೆಲದ 100 ಮೀಟರ್ ಯು.ಟಿ.ಎಂ.ನಲ್ಲಿ ಸುಮಾರು 45 ಮಿ.ಮೀ. ಹೆಚ್ಚಾಗಿ ಕಾಣುತ್ತದೆ.

ಇದರ ಫಲ ಏನೆಂದರೆ, ವಿನ್ಯಾಸಕರು ಉಪಗ್ರಹ ಚಿತ್ರದ ಮೇಲೆ ಕಟ್ಟಡವನ್ನು ಬರೆದು, ಆ ಯು.ಟಿ.ಎಂ. ನಿರ್ದೇಶಾಂಕಗಳನ್ನು ಆರ್.ಟಿ.ಕೆ. ರೋವರಿಗೆ, ಅಂದರೆ ಸೆಂಟಿಮೀಟರ್ ಮಟ್ಟದ ಜಿ.ಪಿ.ಎಸ್. ಉಪಕರಣಕ್ಕೆ, ತುಂಬಿ ಬೆಂಗಳೂರಿನಲ್ಲಿ ಗುರುತು ಹಾಕಿದರೆ, 24 ಮೀಟರ್ ಎಂದು ಬರೆದ ಕಟ್ಟಡ ನೆಲದ ಮೇಲೆ ಸುಮಾರು 11 ಮಿ.ಮೀ. ಚಿಕ್ಕದಾಗಿ ಬೀಳುತ್ತದೆ. ಅನಂತರ ಮೇಸ್ತ್ರಿ ಟೇಪು ಹಿಡಿದು ಅಳೆದಾಗ ತಾಳೆಯಾಗದೆ, ಯಂತ್ರ ತಪ್ಪೋ ಟೇಪು ತಪ್ಪೋ ಎಂಬ ವಾದ ಹುಟ್ಟುತ್ತದೆ. ಇಬ್ಬರೂ ತಪ್ಪಿಲ್ಲದೆ ಅಳೆದಿರುತ್ತಾರೆ. ಇನ್ನೂರು ಮುನ್ನೂರು ಮೀಟರ್ ಉದ್ದದ ಕೈಗಾರಿಕಾ ಶೆಡ್ಡುಗಳಲ್ಲಿ ಇದೇ ವ್ಯತ್ಯಾಸ 9ರಿಂದ 13 ಸೆಂಟಿಮೀಟರ್ ಆಗುತ್ತದೆ ಮತ್ತು ಕಾರ್ಖಾನೆಯಲ್ಲಿ ಸಿದ್ಧವಾಗಿ ಬಂದ ಉಕ್ಕಿನ ತೊಲೆ ಕೂರುವುದಿಲ್ಲ.

ಆದ್ದರಿಂದ ಒಂದೇ ಕಟ್ಟಡದ ಕೆಲಸಕ್ಕೆ ನೆಲದ ಅಳತೆಯಲ್ಲಿಯೇ ಇರುವ ಸ್ಥಳೀಯ ಗ್ರಿಡ್ ಅನ್ನು ಮಾಡಿಕೊಳ್ಳುವುದೇ ಲೇಸು. ಸ್ಥಳೀಯ ಗ್ರಿಡ್ಡಿನ ಮೂಲಬಿಂದುವಿಗೆ ಸೊನ್ನೆ, ಸೊನ್ನೆ ಕೊಡದೆ, ಈಸ್ಟಿಂಗ್ (ಪೂರ್ವದ ಕಡೆಯ ದೂರ) 1000 ಮತ್ತು ನಾರ್ದಿಂಗ್ (ಉತ್ತರದ ಕಡೆಯ ದೂರ) 5000 ಎಂಬಂತೆ ಪರಸ್ಪರ ದೂರವಿರುವ ಸಂಖ್ಯೆಗಳನ್ನು ಕೊಡಬೇಕು. ಋಣ ಸಂಖ್ಯೆಗಳು ಬರುವುದಿಲ್ಲ ಎಂಬುದು ಒಂದು ಅನುಕೂಲವಾದರೆ, ಎರಡು ಅಂಕಣಗಳು ಅದಲುಬದಲಾದಾಗ ನೋಡಿದೊಡನೆ ಗೊತ್ತಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಅನುಕೂಲ. ಕೆಲವು ಯಂತ್ರಗಳು ನಾರ್ದಿಂಗ್ ಅನ್ನು ಮೊದಲು ಓದುತ್ತವೆ, ಕೆಲವು ಈಸ್ಟಿಂಗ್ ಅನ್ನು. ಅದಲುಬದಲಾದ ಕಟ್ಟಡ ಕನ್ನಡಿಯಲ್ಲಿ ಕಂಡಂತೆ ಮಗುಚಿ ಕೂರುತ್ತದೆ, ಮತ್ತು ಅದರ ಬದಿಗಳೂ ಕರ್ಣಗಳೂ ಸಂಪೂರ್ಣ ಸರಿಯಾಗಿಯೇ ಇರುತ್ತವೆ.

ನಮ್ಮ ಉದಾಹರಣೆಯಲ್ಲಿ ಎ–1 ಛೇದನಕ್ಕೆ ಈಸ್ಟಿಂಗ್ 1010.000, ನಾರ್ದಿಂಗ್ 5012.000 ಎಂದು ಇಟ್ಟುಕೊಂಡರೆ, ಸಿ–4 ಛೇದನ ಅದರಿಂದ ಪೂರ್ವಕ್ಕೆ 18 ಮೀಟರ್, ಉತ್ತರಕ್ಕೆ 12 ಮೀಟರ್ ಇರುವುದರಿಂದ 1028.000 ಮತ್ತು 5024.000 ಆಗುತ್ತದೆ. ಗ್ರಿಡ್ ದಿಕ್ಕಿಗೂ ಸ್ಥಳೀಯ ಅಕ್ಷಕ್ಕೂ ಹೊಂದಿಕೆ ಇದ್ದರೆ ಇಂತಹ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಬಹುದು, ಮತ್ತು ಬಿಸಿಲಿನಲ್ಲಿ ನಿಂತವನಿಗೆ ಅದು ಸಣ್ಣ ಸಹಾಯವಲ್ಲ. ಮೇಲೆ ಉತ್ತರ ಎಂದು ಬರೆದಿರುವ ದಿಕ್ಕು ನಿಜವಾದ ಉತ್ತರವಾಗಿರಬೇಕಾದ ಅಗತ್ಯವಿಲ್ಲ. ನಕ್ಷೆಯ ಮೂಲೆಯಲ್ಲಿ ಬರೆದ ಉತ್ತರದ ಬಾಣವನ್ನು ನಂಬಿ ಕಟ್ಟಡದ ದಿಕ್ಕನ್ನು ನಿರ್ಧರಿಸಲೇಬಾರದು: ಬೆಂಗಳೂರಿನಲ್ಲಿ ನಿಜವಾದ ಉತ್ತರಕ್ಕೂ ಯು.ಟಿ.ಎಂ. ಉತ್ತರಕ್ಕೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದೆ, ಅಂದರೆ 30 ಮೀಟರಿಗೆ ಸುಮಾರು 30 ಸೆಂಟಿಮೀಟರ್.

ಕಟ್ಟಡದ ದಿಕ್ಕು ನಿಲ್ಲಬೇಕಾದದ್ದು ಗಡಿಯ ಮೇಲೆ. ಕ್ರಯಪತ್ರದಲ್ಲಿ ಆಯತ ಎಂದು ಬರೆದ ನಿವೇಶನ ನೆಲದ ಮೇಲೆ ಆಯತವಾಗಿರುವುದು ಅಪರೂಪ. ಬಾಂದುಕಲ್ಲುಗಳು ಸ್ಥಳದಲ್ಲಿವೆಯೇ ಎಂದು ಮೊದಲು ನೋಡಬೇಕು. ಕಂದಾಯ ಜಮೀನಿನಲ್ಲಿ ಅನುಮಾನವಿದ್ದರೆ ಭೂಮಾಪನ ಇಲಾಖೆಯಿಂದ ಹದ್ದುಬಸ್ತು ಮಾಡಿಸಿಕೊಂಡೇ ಮುಂದುವರಿಯಬೇಕು. ಅನಂತರ ಗಡಿಯ ಎಲ್ಲ ಮೂಲೆಗಳನ್ನೂ ಟೋಟಲ್ ಸ್ಟೇಷನ್ನಿನಿಂದ ಸ್ಥಳೀಯ ಗ್ರಿಡ್ಡಿನಲ್ಲಿ ಅಳೆದು, ಇದ್ದದ್ದನ್ನು ಇದ್ದಂತೆ ನಕ್ಷೆಗೆ ಇಳಿಸಿ, ಅದರ ಮೇಲೆ ಕಟ್ಟಡವನ್ನು ಕೂರಿಸುವ ಕೆಲಸವನ್ನು ವಾಸ್ತುಶಿಲ್ಪಿಗೆ ಒಪ್ಪಿಸಬೇಕು. ಹೀಗೆ ಹೊಂದಿಸುವಾಗ ಅಲೈನ್ ಆಜ್ಞೆ ಕೊನೆಯಲ್ಲಿ ಅಳತೆಯನ್ನೂ ಬದಲಿಸಲೇ ಎಂದು ಕೇಳುತ್ತದೆ. ಉತ್ತರ ಯಾವಾಗಲೂ ಬೇಡ ಎಂದೇ ಇರಬೇಕು. ಹೌದು ಎಂದವರ ಕಡತದಲ್ಲಿ 230ರ ಕಾಲಂ 229.3 ಆಗಿರುತ್ತದೆ, ಕೆಲವು ದಿನಗಳ ಮೇಲೆ ಅದು ಏಕೆ ಹಾಗಾಯಿತು ಎಂದು ಯಾರೂ ಹೇಳಲಾರರು.

ರೆವಿಟ್‌ನಂತಹ ತಂತ್ರಾಂಶದಿಂದ ಬರುವ ಮಾದರಿಗಳಲ್ಲಿ ಪ್ರಾಜೆಕ್ಟ್ ಬೇಸ್ ಪಾಯಿಂಟ್ ಮತ್ತು ಸರ್ವೆ ಪಾಯಿಂಟ್ ಎಂದು ಎರಡು ಮೂಲಬಿಂದುಗಳು ಇರುತ್ತವೆ. ಯಾವುದನ್ನು ಆಧರಿಸಿ ಹೊರತೆಗೆಯಲಾಗಿದೆ ಎಂಬುದು ಕಡತದ ಹೆಸರಿನಿಂದ ತಿಳಿಯುವುದಿಲ್ಲ. ಒಂದು ಕಾಲಂನ ನಿರ್ದೇಶಾಂಕವನ್ನು ನಮ್ಮ ಪಟ್ಟಿಯೊಂದಿಗೆ ಹೋಲಿಸಿದರೆ ತಿಳಿಯುತ್ತದೆ.

ಕಂಟ್ರೋಲ್ ಬಿಂದುಗಳು

ಅಗೆತ ಆರಂಭವಾಗುವ ಮುನ್ನ ಕನಿಷ್ಠ ನಾಲ್ಕು ಸ್ಥಿರ ಬಿಂದುಗಳನ್ನು ಸ್ಥಾಪಿಸಬೇಕು. ನೆಲದೊಳಗೆ ಎರಡು ಅಡಿ ಆಳಕ್ಕೆ ಕಾಂಕ್ರೀಟ್ ತುಂಬಿ, ನಡುವೆ ಸರಳು ಹುಗಿದು, ಅದರ ತಲೆಯ ಮೇಲೆ ಪಂಚಿನಿಂದ ಚುಕ್ಕೆ ಮಾಡಿದರೆ ಸಾಕು. ಮುಖ್ಯವಾದದ್ದು ಜಾಗದ ಆಯ್ಕೆ. ಜೆ.ಸಿ.ಬಿ. ತಿರುಗುವ ದಾರಿ, ಮರಳು ಜಲ್ಲಿ ಸುರಿಯುವ ಮೂಲೆ, ಅಗೆತದ ಇಳಿಜಾರಿನ ಅಂಚು ಇವುಗಳಿಂದ ದೂರವಿರಬೇಕು. ಎರಡು ಬಿಂದುಗಳನ್ನು ನಿವೇಶನದ ಹೊರಗೆ, ರಸ್ತೆಯಾಚೆಯ ಗಟ್ಟಿ ಕಟ್ಟಡದ ಗೋಡೆಯ ಮೇಲೆ, ಒಪ್ಪಿಗೆ ಪಡೆದು ಪ್ರತಿಫಲನ ಪಟ್ಟಿ ಅಂಟಿಸಿ ಇಟ್ಟುಕೊಂಡರೆ ಒಳಗಿನ ಎಲ್ಲ ಕಲ್ಲುಗಳು ಹಾಳಾದರೂ ಗ್ರಿಡ್ ಉಳಿಯುತ್ತದೆ. ಬೇಸ್‌ಮೆಂಟ್ ತೋಡುವ ಕಡೆ ಪಕ್ಕದ ಹಳೆಯ ಗೋಡೆಯೇ ಕುಸಿದು ಸರಿಯಬಹುದಾದ್ದರಿಂದ ಅಂತಹ ಗೋಡೆಯನ್ನು ಆರಿಸಬಾರದು.

ನೆಲದಲ್ಲಿರುವ ಬಿಂದುಗಳ ನಡುವೆ ಯಂತ್ರವನ್ನು ಒಂದೊಂದರ ಮೇಲೂ ನಿಲ್ಲಿಸಿ ಸುತ್ತು ಬಂದು, ಹೊರಟ ಬಿಂದುವಿಗೇ ಮರಳಿ ಮುಚ್ಚುವ ಟ್ರಾವರ್ಸ್ ಮಾಡಬೇಕು. ಇಂತಹ ಚಿಕ್ಕ ಸೈಟಿನಲ್ಲಿ ಮುಚ್ಚುವಿಕೆಯ ವ್ಯತ್ಯಾಸ 5 ಮಿ.ಮೀ. ಮೀರಿದರೆ ಹಂಚಿಹಾಕಿ ಸುಮ್ಮನಾಗುವ ಬದಲು ಮತ್ತೊಮ್ಮೆ ಅಳೆಯುವುದು ಉಚಿತ. ಆರ್.ಟಿ.ಕೆ. ಉಪಕರಣಕ್ಕೆ ತಿದ್ದುಪಡಿ ಕಳಿಸುವ ಸ್ಥಿರ ನೆಲೆಗಳ ಜಾಲವಾದ ಸರ್ವೆ ಆಫ್ ಇಂಡಿಯಾದ ಕಾರ್ಸ್ (CORS) ಸೇವೆ ಕರ್ನಾಟಕದಲ್ಲಿ ಲಭ್ಯವಿದೆ. ಆರ್.ಟಿ.ಕೆ. ಉಪಕರಣಗಳ ಸಮತಲ ನಿಖರತೆಯನ್ನು ತಯಾರಕರೇ ಸಾಮಾನ್ಯವಾಗಿ 8ರಿಂದ 10 ಮಿ.ಮೀ. ಎಂದು, ಅದೂ ತೆರೆದ ಆಕಾಶದ ಕೆಳಗೆ, ಹೇಳುತ್ತಾರೆ. ಗಡಿ, ರಸ್ತೆ, ಮಣ್ಣಿನ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಎತ್ತರದ ಕಟ್ಟಡಗಳ ನಡುವೆ ಕಾಲಂ ಕೇಂದ್ರ ಗುರುತಿಸಲು ಸಾಲದು.

ಯಂತ್ರವನ್ನು ಒಪ್ಪಿಕೊಳ್ಳುವ ಮುನ್ನ

ಬಾಡಿಗೆಗೆ ಬಂದ ಟೋಟಲ್ ಸ್ಟೇಷನ್ನಿನಲ್ಲಿ ಹಿಂದಿನವರ ಸೆಟ್ಟಿಂಗ್ ಉಳಿದಿರುತ್ತದೆ. ಮೊದಲು ಸ್ಕೇಲ್ ಫ್ಯಾಕ್ಟರ್ 1.000000 ಇದೆಯೇ ನೋಡಬೇಕು. ಅನಂತರ ಪ್ರಿಸಂ ಸ್ಥಿರಾಂಕ, ಅಂದರೆ ಯಂತ್ರದ ಕಿರಣವನ್ನು ಮರಳಿಸುವ ಪ್ರಿಸಂಗೆ ತಕ್ಕಂತೆ ದೂರಕ್ಕೆ ಮಾಡುವ ತಿದ್ದುಪಡಿ: ಒಂದು ಕಂಪನಿಯ ಪ್ರಿಸಂ ಅನ್ನು ಇನ್ನೊಂದು ಕಂಪನಿಯ ಯಂತ್ರದೊಂದಿಗೆ ಬಳಸಿದಾಗ 30 ಅಥವಾ 34 ಮಿ.ಮೀ. ನೇರ ತಪ್ಪು ಬರಬಹುದು, ಮತ್ತು ಎಲ್ಲ ದೂರಗಳಲ್ಲಿಯೂ ಅದು ಒಂದೇ ಆಗಿರುವುದರಿಂದ ಅನುಮಾನ ಹುಟ್ಟುವುದಿಲ್ಲ. ಮಟ್ಟವಾದ ನೆಲದಲ್ಲಿ ಉಕ್ಕಿನ ಟೇಪಿನಿಂದ 20 ಮೀಟರ್ ಅಳೆದು ಯಂತ್ರದಿಂದ ಅದನ್ನೇ ಅಳೆದರೆ ಕೆಲವೇ ನಿಮಿಷಗಳಲ್ಲಿ ಇದು ಬಯಲಾಗುತ್ತದೆ. ತಾಪಮಾನ ಮತ್ತು ವಾಯು ಒತ್ತಡವನ್ನೂ ತುಂಬಬೇಕು. ಯಂತ್ರ ಸಮುದ್ರಮಟ್ಟದ 1013 ಹೆಕ್ಟೊಪಾಸ್ಕಲ್‌ನಲ್ಲಿಯೇ ನಿಂತಿದ್ದರೆ, ಸುಮಾರು 910 ಇರುವ ಬೆಂಗಳೂರಿನಲ್ಲಿ ಒತ್ತಡದ ವ್ಯತ್ಯಾಸವೊಂದೇ 100 ಮೀಟರಿಗೆ ಸುಮಾರು 3 ಮಿ.ಮೀ. ಕಡಿಮೆ ತೋರಿಸುತ್ತದೆ.

ಕೋನದ ಪರೀಕ್ಷೆಗೆ ದೂರದ ಒಂದೇ ಗುರಿಯನ್ನು ಎಡಮುಖ, ಬಲಮುಖ ಎರಡರಲ್ಲೂ ಓದಬೇಕು. ಎರಡು ಓದುಗಳ ವ್ಯತ್ಯಾಸ 180 ಡಿಗ್ರಿಯಿಂದ ಎಷ್ಟು ತಪ್ಪುತ್ತದೆಯೋ ಅದರ ಅರ್ಧ ಕಾಲಿಮೇಷನ್ ದೋಷ (ದುರ್ಬೀನಿನ ನೋಟದ ರೇಖೆ ಓರೆಯಾಗಿರುವ ದೋಷ). 20 ಸೆಕೆಂಡಿನ ದೋಷ 100 ಮೀಟರಿನಲ್ಲಿ ಸುಮಾರು 10 ಮಿ.ಮೀ. ಆಗುತ್ತದೆ.

ಒಂದು ಬಿಂದುವನ್ನು ಗುರುತಿಸುವ ಬಗೆ

ಯಂತ್ರವನ್ನು ಕಂಟ್ರೋಲ್ ಬಿಂದುವಿನ ಮೇಲೆ ನಿಲ್ಲಿಸಿ, ಇನ್ನೊಂದು ಬಿಂದುವಿಗೆ ಬ್ಯಾಕ್‌ಸೈಟ್ ಕೊಟ್ಟ (ಅದನ್ನು ನೋಡಿ ಯಂತ್ರದ ದಿಕ್ಕು ಹೊಂದಿಸಿದ) ಮೇಲೆ ತಕ್ಷಣ ಕೆಲಸ ಆರಂಭಿಸಬಾರದು. ಮೂರನೆಯ ಬಿಂದುವನ್ನು ಅಳೆದು ಅದರ ನಿರ್ದೇಶಾಂಕ 3 ಮಿ.ಮೀ.ನೊಳಗೆ ಬರುತ್ತದೆಯೇ ನೋಡಬೇಕು. ಬ್ಯಾಕ್‌ಸೈಟ್ ದೂರ ಗುರುತಿಸಬೇಕಾದ ಬಿಂದುಗಳ ದೂರಕ್ಕಿಂತ ಹೆಚ್ಚಿರಬೇಕು, ಏಕೆಂದರೆ ಹತ್ತಿರದ ಬ್ಯಾಕ್‌ಸೈಟ್‌ನ ಚಿಕ್ಕ ತಪ್ಪು ದೂರದಲ್ಲಿ ಹಿಗ್ಗುತ್ತದೆ. ಯಾವ ಬಿಂದುವಿನ ಮೇಲೂ ನಿಲ್ಲಿಸದೆ ನಡುವೆ ಎಲ್ಲಿಯಾದರೂ ನಿಲ್ಲಿಸುವ ರಿಸೆಕ್ಷನ್ ವಿಧಾನ ಇಂದು ಹೆಚ್ಚು ಬಳಕೆಯಲ್ಲಿದೆ ಮತ್ತು ಅದರಲ್ಲಿ ದೋಷವೇನಿಲ್ಲ. ಆದರೆ ಎರಡರ ಬದಲು ಮೂರು ಬಿಂದುಗಳಿಗೆ ಅಳೆಯಬೇಕು ಮತ್ತು ಆ ಬಿಂದುಗಳು ಒಂದೇ ಕಡೆ ಗುಂಪಾಗಿರಬಾರದು.

ಈಗ ಸಿ–4ರ ಗುರುತನ್ನು ಪಿ.ಸಿ.ಸಿ., ಅಂದರೆ ಸರಳಿಲ್ಲದ ಕಾಂಕ್ರೀಟಿನ ತಳಹಾಸಿನ, ಮೇಲೆ ಹಾಕುವುದನ್ನು ನೋಡೋಣ. ಯಂತ್ರ ತೋರಿಸಿದ ದಿಕ್ಕಿನಲ್ಲಿ ಸಹಾಯಕ ಪ್ರಿಸಂ ಕೋಲು ಹಿಡಿದು ಹತ್ತು ಸೆಂಟಿಮೀಟರಿನೊಳಗೆ ಬಂದಾಗ, ಆ ಉದ್ದ ಕೋಲನ್ನು ಬದಿಗಿಡಬೇಕು. ಒಂದೂವರೆ ಮೀಟರ್ ಎತ್ತರದ ಕೋಲು 10 ಮಿನಿಟುಗಳಷ್ಟು, ಅಂದರೆ ಡಿಗ್ರಿಯ ಆರನೆಯ ಒಂದು ಭಾಗದಷ್ಟು, ವಾಲಿದರೂ ತುದಿ 4 ಮಿ.ಮೀ. ತಪ್ಪುತ್ತದೆ, ಅದರ ಗುಳ್ಳೆ ಸರಿಯಿದೆಯೇ ಎಂದು ನೋಡಿದವರು ವಿರಳ. ಬದಲಿಗೆ ನೆಲದಿಂದ ಹತ್ತು ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲುವ ಮಿನಿ ಪ್ರಿಸಂ ಬಳಸಬೇಕು, ಮತ್ತು ಅದರ ಸ್ಥಿರಾಂಕ ಬೇರೆಯಿರಬಹುದು ಎಂಬುದನ್ನು ಮರೆಯಬಾರದು. ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಪ್ರಿಸಂ ಅನ್ನು ಎತ್ತಿ ಮತ್ತೆ ಅದೇ ಚುಕ್ಕೆಯ ಮೇಲಿಟ್ಟು ಇನ್ನೊಮ್ಮೆ ಅಳೆದು, ಪರದೆ 1027.999 ಮತ್ತು 5024.001 ಎಂಬಂತೆ ತೋರಿಸಿದರೆ ಕಾಂಕ್ರೀಟ್ ಮೊಳೆ ಹೊಡೆದು, ಸುತ್ತ ಬಣ್ಣದ ವೃತ್ತ ಬರೆದು, ಗ್ರಿಡ್ಡಿನ ಹೆಸರನ್ನೂ ಅದು ಕಾಲಂ ಕೇಂದ್ರವೋ ಗ್ರಿಡ್ ಛೇದನವೋ ಎಂಬುದನ್ನೂ ಬರೆಯಬೇಕು. ಮೊಳೆ ಹೊಡೆಯುವಾಗ ಅದು ಜಲ್ಲಿಗೆ ತಾಗಿ ಸರಿಯುವುದರಿಂದ, ಹೊಡೆದ ಮೇಲೆ ಮೂರನೆಯ ಓದು ದಾಖಲಾಗಬೇಕು. ಕೊನೆಗೆ ಉಳಿಯುವುದು ಆ ಓದೇ.

ಎಲ್ಲ ಕಾಲಂಗಳನ್ನೂ ಯಂತ್ರದಿಂದಲೇ ಗುರುತಿಸುವುದು ಸಾಧ್ಯವಾದರೂ ಅದು ಅಗತ್ಯವಲ್ಲ, ಸಮಯಕ್ಕೂ ಒಳ್ಳೆಯದಲ್ಲ. ಹೊರ ಗ್ರಿಡ್‌ಗಳ ತುದಿಗಳನ್ನು ಯಂತ್ರದಿಂದ ಹಾಕಿ, ಅಗೆತದ ಅಂಚಿನಿಂದ ಸಾಕಷ್ಟು ಹೊರಗೆ ಬುರ್ಜಿ ಎಂದು ಕರೆಯುವ ಇಟ್ಟಿಗೆಯ ಗಿಡ್ಡ ಕಂಬಗಳನ್ನು ಕಟ್ಟಿ, ಅವುಗಳ ಗಾರೆ ತಲೆಯ ಮೇಲೆ ರೇಖೆ ಕೊರೆದರೆ, ಮಧ್ಯದ ಕಾಲಂಗಳನ್ನು ದಾರ ಕಟ್ಟಿ ತೂಗುಗುಂಡು ಇಳಿಸಿ ಮೇಸ್ತ್ರಿಯೇ ಪಡೆಯಬಹುದು. ಸುಣ್ಣದ ಗುರುತು ಅಗೆತದಲ್ಲಿ ಅಳಿದುಹೋಗುತ್ತದೆ, ಬುರ್ಜಿ ಉಳಿಯುತ್ತದೆ. ಗಾಳಿಯಿರುವಾಗ ಉದ್ದ ದಾರ ಬಿಲ್ಲಿನಂತೆ ಬಾಗುವುದರಿಂದ 24 ಮೀಟರಿನ ದಾರವನ್ನು ನಡುವೆ ಒಂದು ಕಡೆಯಾದರೂ ಯಂತ್ರದಿಂದ ನೋಡಿ ಖಚಿತಪಡಿಸಿಕೊಳ್ಳಬೇಕು. ಗೋಡೆಗಳಿಗೆ ಮುಖದ ರೇಖೆಯ ಬದಲು ಒಂದು ಮೀಟರ್ ಆಫ್‌ಸೆಟ್ ರೇಖೆ ಹೊಡೆದರೆ ಇಟ್ಟಿಗೆ ಕೂತ ಮೇಲೂ ಅದು ಕಾಣುತ್ತಿರುತ್ತದೆ.

ದಿನದ ನಡುವೆ ಒಮ್ಮೆ ಮತ್ತು ಯಂತ್ರ ತೆಗೆಯುವ ಮುನ್ನ ಒಮ್ಮೆ ಬ್ಯಾಕ್‌ಸೈಟ್ ಅನ್ನು ಮತ್ತೆ ನೋಡಬೇಕು. ಬಿಸಿಲಿಗೆ ಟ್ರೈಪಾಡ್ ತಿರುಚಿಕೊಳ್ಳುತ್ತದೆ, ಭರ್ತಿ ಮಣ್ಣಿನಲ್ಲಿ ಕಾಲು ಇಳಿಯುತ್ತದೆ. ವ್ಯತ್ಯಾಸ ಕಂಡರೆ ಹಿಂದಿನ ಪರೀಕ್ಷೆಯ ನಂತರ ಹಾಕಿದ ಪ್ರತಿ ಗುರುತೂ ಅನುಮಾನಾಸ್ಪದ.

ತಾಳೆ

ಯಂತ್ರದಿಂದ ಹಾಕಿದ್ದನ್ನು ಅದೇ ಜಾಗದಿಂದ ಅದೇ ಯಂತ್ರದಲ್ಲಿ ಮತ್ತೆ ಓದುವುದು ತಾಳೆಯಲ್ಲ. ತಪ್ಪು ಬ್ಯಾಕ್‌ಸೈಟ್ ಕೊಟ್ಟಿದ್ದರೆ ಎರಡನೆಯ ಓದೂ ಅಷ್ಟೇ ಸುಂದರವಾಗಿ ಹೊಂದುತ್ತದೆ. ಬೇರೆ ಕಂಟ್ರೋಲ್ ಬಿಂದುವಿನಿಂದ ಓದಬೇಕು ಅಥವಾ ಟೇಪು ಹಿಡಿಯಬೇಕು, ಎರಡನ್ನೂ ಮಾಡಿದರೆ ಇನ್ನೂ ಒಳಿತು.

ನಮ್ಮ ಕಟ್ಟಡದ ಬದಿಗಳು 24 ಮತ್ತು 18 ಮೀಟರ್ ಆದ್ದರಿಂದ ಕರ್ಣ ಸರಿಯಾಗಿ 30 ಮೀಟರ್. ಹಿಂಬದಿಯ ಎರಡೂ ಮೂಲೆಗಳು ಒಟ್ಟಿಗೆ ಪಕ್ಕಕ್ಕೆ 10 ಮಿ.ಮೀ. ಸರಿದಿವೆ ಎಂದುಕೊಳ್ಳೋಣ. ನಾಲ್ಕು ಬದಿಗಳ ಅಳತೆಯಲ್ಲಿ ಅದು ಕಾಣುವುದೇ ಇಲ್ಲ. ಆದರೆ ಒಂದು ಕರ್ಣ 30.008, ಇನ್ನೊಂದು 29.992 ಬಂದು 16 ಮಿ.ಮೀ. ಅಂತರ ತೋರುತ್ತದೆ. ಬಿಸಿಲಿನಲ್ಲಿ ಉಕ್ಕಿನ ಟೇಪು ಹಿಗ್ಗುವುದರಿಂದ ಒಟ್ಟು ಅಳತೆಯಲ್ಲಿ ತುಸು ವ್ಯತ್ಯಾಸ ಸಹಜ: 20 ಡಿಗ್ರಿಗೆ ಸರಿಪಡಿಸಿದ 30 ಮೀಟರ್ ಟೇಪು 40 ಡಿಗ್ರಿಯಲ್ಲಿ ಸುಮಾರು 7 ಮಿ.ಮೀ. ಹಿಗ್ಗಿರುತ್ತದೆ. ಎರಡೂ ಕರ್ಣಗಳನ್ನು ಒಂದೇ ಟೇಪಿನಿಂದ, ಒಂದೇ ಹೊತ್ತಿನಲ್ಲಿ, ಒಂದೇ ಎಳೆತದಲ್ಲಿ ಅಳೆದರೆ ಅವುಗಳ ನಡುವಿನ ಅಂತರಕ್ಕೆ ಹಿಗ್ಗುವಿಕೆ ತಾಗುವುದಿಲ್ಲ. ಒಳಗಿನ ಬಿಂದುಗಳಿಗೂ ಇದೇ ಬಗೆ: ಎ–1ರಿಂದ ಸಿ–4ಕ್ಕೆ 21.633 ಮೀಟರ್ ಬರಬೇಕು.

ಆದರೆ ಕರ್ಣ ಸಮವಾಯಿತೆಂದು ಸಂತೋಷಪಟ್ಟು ಮುಗಿಸುವವರು ಹೆಚ್ಚು. ಕರ್ಣ ಕಟ್ಟಡದ ಆಕಾರವನ್ನಷ್ಟೇ ಹೇಳುತ್ತದೆ, ಅದು ಎಲ್ಲಿ ನಿಂತಿದೆ, ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ನಾಲ್ಕೂ ಬದಿಯ ಸೆಟ್‌ಬ್ಯಾಕ್ ಅನ್ನು ಪ್ರತಿ ಬದಿಯ ಎರಡು ತುದಿಗಳಲ್ಲಿ ಅಳೆದು, ಮಂಜೂರಾದ ನಕ್ಷೆಯೊಂದಿಗೆ ಹೋಲಿಸಬೇಕು. ಅಳೆಯುವಾಗ ಕಾಲಂನ ಮುಖದಿಂದಲ್ಲ, ಗೋಡೆ, ಗಾರೆ, ಕ್ಲಾಡಿಂಗ್ ಸೇರಿದ ಹೊರ ಅಂಚಿನಿಂದ ಲೆಕ್ಕ ಹಿಡಿಯಬೇಕು.

ಎಷ್ಟು ವ್ಯತ್ಯಾಸವನ್ನು ಒಪ್ಪಬಹುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐ.ಎಸ್. 456ರ 2000ದ ಆವೃತ್ತಿ ಕಾಲಂ ಮತ್ತು ಬೀಮುಗಳ ಅಡ್ಡಕೊಯ್ತದ ಅಳತೆಗೆ 12 ಮಿ.ಮೀ. ಹೆಚ್ಚು ಅಥವಾ 6 ಮಿ.ಮೀ. ಕಡಿಮೆಯವರೆಗೆ, ಫುಟಿಂಗ್ ಪಕ್ಕಕ್ಕೆ ಸರಿಯುವುದಕ್ಕೆ ಆ ದಿಕ್ಕಿನ ಅಗಲದ 0.02 ಪಾಲಿನವರೆಗೆ, 50 ಮಿ.ಮೀ. ಮೀರದಂತೆ, ಅವಕಾಶ ಕೊಟ್ಟಿದೆ. ಆ ಅವಕಾಶ ಶಟರಿಂಗ್ ಮತ್ತು ಕಾಂಕ್ರೀಟ್ ಹಾಕುವವರಿಗೆ ಮೀಸಲು. ಗುರುತು ಹಾಕುವವರು ಅದರಲ್ಲಿ ಪಾಲು ಕೇಳಬಾರದು. ಕಾಲಂ ಕೇಂದ್ರಕ್ಕೆ 3 ಮಿ.ಮೀ., ಅಗೆತದ ಗುರುತಿಗೆ 25 ಮಿ.ಮೀ. ಎಂದು ಇಟ್ಟುಕೊಂಡರೆ ಶ್ರಮ ಬೇಕಾದ ಕಡೆಗೆ ಮಾತ್ರ ಹೋಗುತ್ತದೆ.

ಎತ್ತರ ಮತ್ತು ಮೇಲಿನ ಮಹಡಿಗಳು

ಎತ್ತರಕ್ಕೆ ಟೋಟಲ್ ಸ್ಟೇಷನ್ನಿಗಿಂತ ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು) ಸರಳ, ನಂಬಿಕೆಗೂ ಅರ್ಹ. ನಕ್ಷೆಯಲ್ಲಿ ಸೊನ್ನೆ ಎಂದು ಬರೆದ ಮಟ್ಟ ಮುಗಿದ ನೆಲಹಾಸಿನ ಮಟ್ಟವೋ ಸ್ಲ್ಯಾಬಿನ ಮೇಲ್ಮೈ ಮಟ್ಟವೋ ಎಂಬುದನ್ನು ಮೊದಲು ತಿಳಿಯಬೇಕು, ಏಕೆಂದರೆ ಈ ಎರಡರ ನಡುವೆ ನೆಲಹಾಸಿನ ದಪ್ಪದಷ್ಟು ಅಂತರವಿರುತ್ತದೆ. ಜಿ.ಪಿ.ಎಸ್. ಕೊಡುವ ಎತ್ತರವನ್ನು ಹಾಗೆಯೇ ಬಳಸಬಾರದು. ಬೆಂಗಳೂರಿನಲ್ಲಿ ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರಕ್ಕಿಂತ ಸುಮಾರು 85 ಮೀಟರ್ ಕಡಿಮೆಯಾಗಿ ಬರುತ್ತದೆ. ಚರಂಡಿ, ರಸ್ತೆಯ ಮಟ್ಟಗಳನ್ನು ನೇರವಾಗಿ ಅಳೆದು, ಅವುಗಳಿಗೆ ಹೊಂದುವಂತೆ ತಾತ್ಕಾಲಿಕ ಬೆಂಚ್ ಮಾರ್ಕ್ ಎರಡನ್ನು ಸ್ಥಾಪಿಸಿಕೊಳ್ಳಬೇಕು. ಲೆವೆಲ್ ಅನ್ನು ಎರಡು ಸ್ಟಾಫ್‌ಗಳ (ಅಳತೆಕೋಲುಗಳ) ನಡುವೆ ಸಮ ದೂರದಲ್ಲಿ ನಿಲ್ಲಿಸಿದರೆ ಅದರ ಒಳಗಿನ ಚಿಕ್ಕ ದೋಷ ತಾನಾಗಿ ಕಳೆದುಹೋಗುತ್ತದೆ.

ಮೇಲಿನ ಮಹಡಿಯ ಗುರುತನ್ನು ಕೆಳಗಿನ ಮಹಡಿಯ ಕಾಲಂ ನೋಡಿ ಹಾಕುವುದು ನಮ್ಮಲ್ಲಿ ಬೇರೂರಿದ ಪದ್ಧತಿ. ಪ್ರತಿ ಮಹಡಿಯಲ್ಲಿ 5 ಮಿ.ಮೀ. ಒಂದೇ ಕಡೆಗೆ ಸರಿದರೆ ನಾಲ್ಕನೆಯ ಸ್ಲ್ಯಾಬಿನಲ್ಲಿ 20 ಮಿ.ಮೀ. ಆಗಿರುತ್ತದೆ. ಇದರ ಬದಲು ನೆಲಮಟ್ಟದಲ್ಲಿ, ಗ್ರಿಡ್ಡಿನಿಂದ ಒಂದು ಮೀಟರ್ ಒಳಗೆ, ನಾಲ್ಕು ಬಿಂದುಗಳನ್ನು ಹಿತ್ತಾಳೆ ಮೊಳೆಯಿಂದ ಸ್ಥಿರಪಡಿಸಿ, ಅವುಗಳ ನೇರಕ್ಕೆ ಪ್ರತಿ ಸ್ಲ್ಯಾಬಿನಲ್ಲಿ 150 ಮಿ.ಮೀ. ಚೌಕದ ಕಿಂಡಿ ಬಿಡಿಸಿಕೊಂಡು, ನೇರ ಮೇಲಕ್ಕೆ ಕಿರಣ ಬಿಡುವ ಲೇಸರ್ ಪ್ಲಮೆಟ್ ಇಲ್ಲವೇ ಎಣ್ಣೆಯ ಡಬ್ಬಿಯಲ್ಲಿ ಅದ್ದಿದ ಭಾರದ ತೂಗುಗುಂಡಿನಿಂದ ಪ್ರತಿ ಸಾರಿಯೂ ನೆಲದಿಂದಲೇ ಮೇಲಕ್ಕೆ ತರಬೇಕು. ಆ ನಾಲ್ಕು ಬಿಂದುಗಳ ನಡುವಿನ ಬದಿ ಮತ್ತು ಕರ್ಣಗಳನ್ನು ಮೇಲೆ ಮತ್ತೆ ಅಳೆದು ಸರಿಯೆನಿಸಿದ ಮೇಲೆಯೇ ಸ್ಟಾರ್ಟರ್ (ಕಾಲಂನ ಬುಡದ ಗಿಡ್ಡ ಕಾಂಕ್ರೀಟ್) ಹಾಕಲು ಬಿಡಬೇಕು. ಕಿಂಡಿಗಳ ಜಾಗ ಬೀಮಿನ ಮೇಲೆ ಬೀಳದಂತೆ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ ನಕ್ಷೆಯಲ್ಲಿ ಸೇರಿಸಿರಬೇಕು. ಸರಳು ಕಟ್ಟಿದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಪ್ರತಿ ದಿನದ ಗುರುತುಗಳ ಕೊನೆಯ ಓದನ್ನು ಯಂತ್ರದಿಂದ ಇಳಿಸಿ, ನಕ್ಷೆಯ ನಿರ್ದೇಶಾಂಕದ ಪಕ್ಕದಲ್ಲಿಟ್ಟು ವ್ಯತ್ಯಾಸದ ಅಂಕಣದೊಂದಿಗೆ ಒಂದು ಹಾಳೆ ಸಿದ್ಧಪಡಿಸಬೇಕು. ಅದರ ಮೇಲೆ ನಕ್ಷೆಯ ಸಂಖ್ಯೆ, ಪರಿಷ್ಕರಣೆ, ಯಂತ್ರ ನಿಂತ ಬಿಂದು, ಬ್ಯಾಕ್‌ಸೈಟ್, ಪ್ರಿಸಂ ಸ್ಥಿರಾಂಕ ಬರೆದಿರಬೇಕು. ಕಾಂಕ್ರೀಟಿನ ಲಾರಿ ಬರುವ ಹಿಂದಿನ ದಿನವೇ ಈ ಹಾಳೆ ಸೈಟ್ ಎಂಜಿನಿಯರ್ ಮತ್ತು ಸ್ಟ್ರಕ್ಚರಲ್ ಸಲಹೆಗಾರರ ಸಹಿ ಪಡೆದಿರಬೇಕು. ಪರಿಷ್ಕೃತ ನಕ್ಷೆ ನಡುವೆ ಬಂದರೆ ಹಳೆಯ ಬಿಂದುಗಳನ್ನು ಯಂತ್ರದ ನೆನಪಿನಿಂದ ಅಳಿಸಿ, ಹೊಸ ಹೆಸರಿನ ಕಡತದಿಂದ ಮತ್ತೆ ತುಂಬಬೇಕು.